ಕೆರೆದು ತೆಗೆದ ಪಾದ

ಮೊಮ್ಮಗಳ ಎಡಗಾಲಿನ ಕಾಲುಚೀಲ ಕಾಣಿಸುತ್ತಿಲ್ಲವೆಂದು ಬೆಳಿಗ್ಗೆಯಿಂದ ಮನೆಯೆಲ್ಲ ತಡಕಾಟ ನಡೆದಿತ್ತು; ಟಚಿಂಗ್ ಮಾಸ್ತರು ಅದರ ಮೇಲೆಯೇ ಕೂತಿದ್ದರು. ಗೊತ್ತಿದ್ದು ಕೂತಿದ್ದರೋ ಗೊತ್ತಿಲ್ಲದೆಯೋ ಎಂದು ಯಾರಾದರೂ ಗದರಿಸಿ ಕೇಳಿದ್ದರೆ ಅವರಿಗೂ ಹೇಳಲು ಬರುತ್ತಿರಲಿಲ್ಲ. ತೊಡೆಯ ಕೆಳಗೆ ಏನೋ ಮೆತ್ತಗಿದೆ ಅನ್ನುವುದು ತಿಳಿದಿತ್ತು, ಎದ್ದು ನೋಡಬೇಕು ಅನ್ನುವುದೂ ತಿಳಿದಿತ್ತು, ಆದರೆ ತಿಳಿದದ್ದರ ಮೇಲೆ ಹೀಗೆ ಸುಮ್ಮನೆ ಕೂತುಬಿಡುವುದು ಎರಡು ತಿಂಗಳಿಂದ ಅವರಿಗೆ ರೂಢಿಯಾಗಿಬಿಟ್ಟಿತ್ತು. ಹೆಂಡತಿ ಮಂಚದ ಕೆಳಗೆ ಬಗ್ಗಿ ನೋಡಿ, ಸೊಂಟ ಹಿಡಿದುಕೊಂಡು ಎದ್ದು, "ಚೀಲ ಇಲ್ದೆ ಮಗೂನ ಬೀದಿಗೆ ಕರ್ಕೊಂಡು ಹೋಗ್ಬೇಡಿ, ನೋಡಿದೋರ ಬಾಯಿ ಮುಚ್ಚೋಕಾಗಲ್ಲ" ಎಂದಳು. ಮಗುವಿಗೆ ಹಾಲು ಕುಡಿಸುತ್ತಿದ್ದ ಸೊಸೆ ತಲೆ ಎತ್ತದೆ, "ಆಸ್ಪತ್ರೆಗೆ ತಾನೇ ಅತ್ತೆ ಹೋಗ್ತಿರೋದು, ಅಲ್ಲಿ ಹೇಗೂ ಬಿಚ್ಚಬೇಕು" ಎಂದಳು. "ಅಲ್ಲೀ ತನಕ ದಾರಿ ಇದೆಯಲ್ಲಮ್ಮ." ಮಾತಿಗೆ ಮಾತು ಜೋಡಿಸುವುದರಲ್ಲಿ ಹೆಂಡತಿಯನ್ನು ಗೆದ್ದವರನ್ನು ಮಾಸ್ತರು ಈವರೆಗೆ ಕಂಡಿರಲಿಲ್ಲ. ಅವರು ಕೊನೆಗೆ ಎದ್ದು, ಆಗಷ್ಟೇ ಸಿಕ್ಕಿತೆಂಬಂತೆ ಚೀಲವನ್ನು ಎತ್ತಿ ಕೊಟ್ಟರು. ಸೊಸೆ ಅದರ ಬಾಯಿಯ ಎಲಾಸ್ಟಿಕ್ಕನ್ನು ಹೊಲಿಗೆ ಬಿಚ್ಚಿ ತೆಗೆದುಬಿಟ್ಟಿದ್ದಳು. ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅವಳದು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎನ್ನುವುದು ಅವಳ ಬೆರಳಿಗೇ ಗೊತ್ತು. ಆದರೂ ಮಗುವಿನ ಪಾದ ಚೀಲದೊಳಗೆ ಹೋಗುವಾಗ ಅವಳ ಕೈ ಒಂದು ಕ್ಷಣ ನಿಲ್ಲುತ್ತಿತ್ತು.

ಎರಡೂ ಪಾದಗಳ ಮೇಲ್ಭಾಗ ಚೆನ್ನಾಗಿ ಹುದುಗು ಬಂದ ಬನ್ನಿನ ಹಾಗೆ ಉಬ್ಬಿತ್ತು. ಬೆರಳುಗಳ ಬುಡದಲ್ಲಿ ಆಳವಾದ ಗೆರೆಗಳು, ಉಗುರುಗಳು ಆಕಾಶ ನೋಡುವಂತೆ ಮೇಲಕ್ಕೆ ತಿರುಗಿದ್ದವು. ಹುಟ್ಟಿದಾಗಿನಿಂದ ಹೀಗೇ. ಮಗುವಿಗೆ ಅದರ ಪರಿವೆಯೇ ಇರಲಿಲ್ಲ, ಒದೆಯುವುದರಲ್ಲಿ ಅದಕ್ಕೆ ಯಾರಿಗೂ ಕಡಿಮೆಯಿಲ್ಲದ ಉತ್ಸಾಹ. ಹೃದಯ ನೋಡಿದರು, ಮೂತ್ರಪಿಂಡ ನೋಡಿದರು, ಮೂರು ಸಲ ಪುಟ್ಟ ಕೈಯಿಂದ ರಕ್ತ ತೆಗೆದರು, ಎಲ್ಲ ಸರಿಯಾಗಿದೆ ಎಂದರು. ಎಲ್ಲ ಸರಿಯಾಗಿದ್ದರೆ ಕಾಲು ಯಾಕೆ ಹೀಗೆ ಎನ್ನುವುದಕ್ಕೆ ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮನೊಬ್ಬಳ ಹೆಸರು ಬರೆದುಕೊಟ್ಟಿದ್ದರು. ಇವತ್ತು ಆ ದಿನ. ಮಗನಿಗೆ ರೈಲು ಓಡಿಸುವ ಪಾಳಿ ತಪ್ಪಿಸಲು ಆಗಲಿಲ್ಲವಾದ್ದರಿಂದ ಮಾಸ್ತರು ಜೊತೆಗೆ ಹೋಗಬೇಕಾಯಿತು. ಹೊರಡುವ ಮೊದಲು ಹೆಂಡತಿ ಸೊಸೆಯನ್ನು ಗೋಡೆಯ ಹತ್ತಿರ ಕರೆದಳು. ಅಲ್ಲಿ ಅವಳ ಅತ್ತೆ, ಅಂದರೆ ಮಾಸ್ತರ ಅಮ್ಮ, ಮರದ ಚೌಕಟ್ಟಿನ ಫೋಟೋದೊಳಗೆ ಕುರ್ಚಿಯ ಮೇಲೆ ಕೂತಿದ್ದಳು. ಸೀರೆಯ ಅಂಚಿನ ಕೆಳಗೆ ಎರಡು ಸಣ್ಣ, ತೆಳುವಾದ, ಗಿಣ್ಣು ಎದ್ದು ಕಾಣುವ ಪಾದಗಳು. "ಇದನ್ನೂ ಫೋನಲ್ಲಿ ತೆಕ್ಕೋ, ಡಾಕ್ಟ್ರಿಗೆ ತೋರಿಸು. ನಮ್ಮತ್ತೆ ಕಾಲು ನೋಡು, ಕೆತ್ತಿಟ್ಟ ಹಾಗಿದೆ. ಇವರ ಕಾಲು ಸರಿಯಾಗಿದೆ, ಇವರ ಮಗನ ಕಾಲು ಸರಿಯಾಗಿದೆ. ನಮ್ಮ ಕಡೆಯಿಂದ ಬಂದಿದ್ದಲ್ಲ ಅಂತ ಅವರಿಗೂ ಗೊತ್ತಾಗ್ಲಿ." ಹೆಂಡತಿ ಕೆಟ್ಟವಳೆಂದು ಹೇಳಲಾಗದು, ಮಗು ಅತ್ತರೆ ಮೊದಲು ಓಡುವವಳು ಅವಳೇ. ತನ್ನ ಕಣ್ಣಿಗೆ ಕಂಡದ್ದನ್ನು ಕೂಡಿಸಿ ಕಳೆದು ಉತ್ತರ ಹೇಳುತ್ತಿದ್ದಳು ಅಷ್ಟೆ, ಮತ್ತು ಅವಳ ಕಣ್ಣಿಗೆ ಬಿದ್ದ ಲೆಕ್ಕವೇ ತಪ್ಪಾಗಿತ್ತು. ಸೊಸೆ ಫೋನು ಎತ್ತಿ ಚಿತ್ರ ತೆಗೆದಳು. ಮಾಸ್ತರು ಆ ಹೊತ್ತಿನಲ್ಲಿ ಕೊಡೆ ಹುಡುಕುತ್ತಿದ್ದರು, ಹೊರಗೆ ಮೋಡದ ಸುಳಿವೂ ಇರಲಿಲ್ಲ.

ಬಸ್ಸಿನಲ್ಲಿ ಮಗು ಅವರ ತೊಡೆಯ ಮೇಲೆ ಬಂತು. ಶಾಲಿನ ಮೇಲಿನಿಂದಲೇ ಅವರು ಅದರ ಪಾದ ಹಿಡಿದುಕೊಂಡರು, ಯಾರಿಗೂ ಕಾಣದ ಹಾಗೆ. ಕೈಗೆ ತುಂಬಿ ಬರುವ ಆ ಭಾರ, ಒತ್ತಿದರೆ ತುಸು ಒಳಗೆ ಹೋಗಿ ನಿಧಾನವಾಗಿ ಮರಳಿ ಬರುವ ಆ ಮೆತ್ತನೆ. ಹುಟ್ಟಿದ ದಿನ ನರ್ಸು ಬಟ್ಟೆ ಸರಿಸಿ, "ಇದೊಂಚೂರು ಊದ್ಕೊಂಡಿದೆ, ಡಾಕ್ಟ್ರು ನೋಡ್ತಾರೆ" ಎಂದಾಗ ಉಳಿದವರೆಲ್ಲ ಗಾಬರಿಯಾದರು. ಮಾಸ್ತರಿಗೆ ಆದದ್ದು ಗಾಬರಿಯಲ್ಲ. ಯಾರ ಹೆಸರು ನೆನಪಾಗದೆ ಎಷ್ಟೋ ವರ್ಷ ಒದ್ದಾಡಿದ್ದರೋ ಆ ಮನುಷ್ಯ ಎದುರಿಗೇ ಬಂದು ನಿಂತ ಹಾಗೆ ಆಯಿತು. ಅಮ್ಮನ ಕಾಲು. ಅದೇ ಉಬ್ಬು, ಅದೇ ಗೆರೆ, ಕೊನೆಗೆ ಹೆಬ್ಬೆರಳಿನ ಉಗುರಿನ ಅದೇ ಸೊಟ್ಟ. ಮೊಳದುದ್ದದ ಆ ಜೀವದ ತುದಿಯಲ್ಲಿ ಅಮ್ಮನ ಕಾಲು ತಾನಾಗಿ ಬಂದಿತ್ತು, ಮತ್ತು ಅವರಿಗೆ ಖುಷಿಯಾಗಿಬಿಟ್ಟಿತ್ತು. ಈ ಖುಷಿಯೇ ಅವರನ್ನು ಕೆಡಿಸಿದ್ದು. ಸೊಸೆ ಹಾಸಿಗೆಯಲ್ಲಿ ಮುಖ ತಿರುಗಿಸಿ ಅಳುತ್ತಿರುವಾಗ ಹೀಗೆ ಖುಷಿಪಟ್ಟವನು ಬಾಯಿ ಬಿಟ್ಟು ಏನು ಹೇಳಬೇಕು? ಆ ಸಂಜೆಯೇ ಮನೆಗೆ ಬಂದ ಹೆಂಡತಿ ಗೋಡೆಯ ಫೋಟೋದ ಕಡೆ ಕೈ ತೋರಿಸಿ, "ನಮ್ಮಲ್ಲಿ ಯಾರಿಗೂ ಇಲ್ಲವಲ್ರೀ?" ಎಂದು ಕೇಳಿದಳು. "ಹೂಂ" ಎಂದರು. ಒಂದು ಹೂಂ. ಮಾರನೆಯ ದಿನ ತಿದ್ದಿಕೊಳ್ಳಬಹುದಿತ್ತು, ಆದರೆ ಮಾರನೆಯ ದಿನಕ್ಕೆ ಅದು ಸುಳ್ಳಿನ ಜೊತೆಗೆ ಒಂದು ದಿನ ಹಳೆಯ ಸುಳ್ಳೂ ಆಗಿತ್ತು.

ಟಚಿಂಗ್ ಎಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಫೋಟೋ ತೆಗೆದವನು ಒಬ್ಬ, ತೊಳೆದವನು ಒಬ್ಬ. ಅದಾದ ಮೇಲೆ ನೆಗೆಟಿವ್ ಮಾಸ್ತರ ಮೇಜಿಗೆ ಬರುತ್ತಿತ್ತು. ಇಳಿಜಾರಾದ ಮೇಜು, ಮಧ್ಯೆ ಗಾಜಿನ ಕಿಂಡಿ, ಕೆಳಗೆ ಕಿಟಕಿಯ ಬೆಳಕು ಹಿಡಿದು ಮೇಲಕ್ಕೆ ಎಸೆಯುವ ಕನ್ನಡಿ. ಸೂಜಿಯಷ್ಟು ಚೂಪಾಗಿ ಉಜ್ಜಿದ ಪೆನ್ಸಿಲ್ಲಿನಿಂದ ಅವರು ವಧುಗಳ ಮೊಡವೆ ಮುಚ್ಚುತ್ತಿದ್ದರು, ಮುದುಕರ ಕಣ್ಣಿನ ಕೆಳಗಿನ ಚೀಲ ಇಳಿಸುತ್ತಿದ್ದರು, ಸತ್ತವರ ಫೋಟೋಗೆ ಕಣ್ಣು ತೆರೆಸಿದ್ದೂ ಉಂಟು. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು, ಬೆಳ್ಳಗಿರುವುದೆಲ್ಲ ಕಪ್ಪು. ಬೆಳಗಿಸಬೇಕಾದರೆ ಪೆನ್ಸಿಲ್ಲು, ಇದ್ದದ್ದನ್ನು ಇಲ್ಲವಾಗಿಸಬೇಕಾದರೆ ಚಾಕು. ಹಳೆಯ ಗಡಿಯಾರದ ಸ್ಪ್ರಿಂಗನ್ನು ಕಲ್ಲಿನ ಮೇಲೆ ಅರೆದು ಅವರೇ ಮಾಡಿಕೊಂಡ ಚಾಕು ಅದು. ಪೆನ್ಸಿಲ್ಲಿನದನ್ನು ಒರೆಸಿ ತಿದ್ದಬಹುದು, ಚಾಕು ಕೆರೆದದ್ದು ಹೋದದ್ದೇ. ಅದಕ್ಕೇ ಹೊಸಬರಿಗೆ ಚಾಕು ಕೊಡುತ್ತಿರಲಿಲ್ಲ. ಬೀದಿಯವರು ಅವರಿಗೆ ಟಚಿಂಗ್ ಮಾಸ್ತರು ಎಂದು ಹೆಸರಿಟ್ಟ ಮೇಲೆ ನಿಜವಾದ ಹೆಸರು ರೇಷನ್ ಕಾರ್ಡಿಗೆ ಮಾತ್ರ ಉಳಿದಿತ್ತು. ಮುಖ ಸರಿಯಿಲ್ಲದವರು ದೇವರಿಗಿಂತ ಮೊದಲು ಇವರಿಗೆ ಹೇಳಿಕೊಳ್ಳಬೇಕು ಎಂದು ಸ್ಟುಡಿಯೋ ಮಾಲೀಕ ಗಿರಾಕಿಗಳೆದುರು ತಮಾಷೆ ಮಾಡುತ್ತಿದ್ದ, ಅವರು ತಲೆ ತಗ್ಗಿಸಿ ನಗುತ್ತಿದ್ದರು. ಒಳಗೊಳಗೆ ಹೆಮ್ಮೆ ಇಲ್ಲದಿರಲಿಲ್ಲ.

ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ದಿನವಿಡೀ ನಿಂತ ಕೆಲಸ. ಗಂಡಸರ ದೊಡ್ಡ ಚಪ್ಪಲಿ ಕೊಂಡು, ಅದರ ಮೇಲಿನ ಪಟ್ಟಿಯನ್ನೂ ಕತ್ತರಿಸಿ ದಾರದಿಂದ ಕಟ್ಟಿಕೊಳ್ಳುತ್ತಿದ್ದಳು. ಸಂಜೆ ಬಂದವಳು ಗೋಡೆಗೆ ಕಾಲು ಎತ್ತಿಟ್ಟು ನೆಲದ ಮೇಲೆ ಮಲಗುವಳು. ಸೀರೆಯಿಂದ ಬರುತ್ತಿದ್ದ ಗಂಜಿಯ ವಾಸನೆ, ಬಿಸಿ ಬಟ್ಟೆಯ ವಾಸನೆ, ಗೋಡೆಯ ಸುಣ್ಣಕ್ಕೆ ಆತುಕೊಂಡ ಆ ಎರಡು ದಪ್ಪ ಪಾದಗಳು. ಅವಳ ಪಾದ ಇಟ್ಟ ಕಡೆ ಸುಣ್ಣ ನುಣುಪಾಗಿ ಹೋಗಿತ್ತು. ಬೀದಿಯ ಹುಡುಗರು ಆನೆಕಾಲಮ್ಮ ಎಂದು ಕೂಗುತ್ತಿದ್ದರು, ಅವಳು ತಿರುಗಿ ನೋಡಿ, "ಹೌದಪ್ಪ, ದಾರಿ ಬಿಡಿ, ತುಳಿದುಬಿಟ್ಟೇನು" ಎನ್ನುತ್ತಿದ್ದಳು. ನಗುತ್ತಿದ್ದವಳು ಅವಳು. ನಾಚಿ ಸಾಯುತ್ತಿದ್ದವರು ಪಕ್ಕದಲ್ಲಿ ನಡೆಯುತ್ತಿದ್ದ ಇವರು. ಶಾಲೆಯ ಬಾಗಿಲಿಗೆ ಬರಬೇಡ ಎಂದು ಒಮ್ಮೆ ಹೇಳಿದ್ದರು. ಯಾಕೆ ಎಂದು ಅವಳು ಕೇಳಲಿಲ್ಲ, ಮರುದಿನದಿಂದ ತಿರುವಿನಲ್ಲೇ ನಿಲ್ಲುತ್ತಿದ್ದಳು. ಬಸ್ಸು ಒಂದು ತಿರುವಿನಲ್ಲಿ ಓಲಾಡಿದಾಗ ಮಾಸ್ತರು ಮಗುವನ್ನು ಎದೆಗೆ ಒತ್ತಿಕೊಂಡರು. ಸೊಸೆ, "ಕೊಡಿ ಮಾವ, ಕೈ ನೋಯುತ್ತೆ" ಎಂದಳು. "ಇರಲಿ ಇರಲಿ" ಎಂದರು.

ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಮೊದಲ ಬಾರಿ ಮಾಲೀಕನ ಒಪ್ಪಿಗೆ ಪಡೆದು ಅಮ್ಮನನ್ನು ಸ್ಟುಡಿಯೋಗೆ ಕರೆತಂದಿದ್ದರು. ಅವಳು ತಾನೇ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು, ಒಂದು ಮಡಿಕೆಯೂ ತಪ್ಪಿರಲಿಲ್ಲ. ಕುರ್ಚಿಯ ಮೇಲೆ ಕೂತವಳು ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡಳು. "ಮುಂದಕ್ಕಿಡಮ್ಮ, ನಾನು ನೋಡ್ಕೋತೀನಿ" ಎಂದರು ಮಗರಾಯರು. ಅವಳು ಅವರ ಮುಖವನ್ನೇ ನೋಡುತ್ತ, ನಿಧಾನವಾಗಿ, ಒಂದಾದ ಮೇಲೊಂದು ಪಾದವನ್ನು ಜಮಖಾನೆಯ ಮೇಲೆ ತಂದಿಟ್ಟಳು. ಮುಂದಿನ ಎರಡು ದಿನ ಅವರು ಬೇರೆ ಕೆಲಸ ಮುಟ್ಟಲಿಲ್ಲ. ಉಬ್ಬನ್ನು ಅಂಚಿನಿಂದ ಕೆರೆಯುತ್ತ ಬಂದರು, ಉಸಿರು ಬಿಗಿಹಿಡಿದು, ಕೂದಲೆಳೆ ಕೂದಲೆಳೆಯಾಗಿ. ಪಾದ ಹೋದ ಕಡೆ ಜಮಖಾನೆ ಬರಬೇಕಲ್ಲ, ಅದಕ್ಕೆ ಹೂವೊಂದನ್ನು ಪೆನ್ಸಿಲ್ಲಿನಿಂದ ಬರೆದರು. ಗಿಣ್ಣಿನ ನೆರಳು ಇಟ್ಟರು. ಬೆಣ್ಣೆಯಿಂದ ಕೂದಲು ತೆಗೆದಂತೆ ಕೆಲಸ ಮುಗಿದಾಗ ಮಾಲೀಕ ಭೂತಗನ್ನಡಿ ಹಿಡಿದು ನೋಡಿ, ಎಲ್ಲಿ ಕೆರೆದಿದ್ದೀಯ ಹೇಳು ಎಂದಿದ್ದ. ಅಚ್ಚು ಹಾಕಿ ಮನೆಗೆ ತಂದು ಅಮ್ಮನ ಕೈಗೆ ಕೊಟ್ಟರು. ಅವಳು ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು, ಬಹಳ ಹೊತ್ತು ನೋಡಿದಳು. "ಇದಕ್ಕೆ ಎಷ್ಟು ಹೊತ್ತು ಹಿಡೀತು?" ಎಂದಳು. "ಎರಡು ದಿನ." "ಎರಡು ದಿನಾನೂ ಇದನ್ನೇ ನೋಡ್ತಾ ಕೂತಿದ್ಯಾ?" ಎಂದು ನಕ್ಕಳು. ಆ ನಗುವಿನಲ್ಲಿ ಏನಿತ್ತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದಾರೆ. ಆವತ್ತಿನ ಮಟ್ಟಿಗೆ ಮೆಚ್ಚಿಕೊಂಡಳೆಂದೇ ತಿಳಿದರು. ಎರಡು ವರ್ಷಕ್ಕೆ ಅವಳು ಹೋದಳು, ಅದರ ಮರುವರ್ಷ ಮದುವೆಯಾಯಿತು, ಹೊಸ ಹೆಂಡತಿ ಗೋಡೆಯ ಫೋಟೋ ನೋಡಿ ಎಷ್ಟು ಲಕ್ಷಣವಾಗಿದ್ದರು ಎಂದಳು, ಇವರೂ ಸುಮ್ಮನಿದ್ದರು. ವರ್ಷಗಳು ಕಳೆದಂತೆ ಅವರಿಗೂ ನೆನಪಾಗುತ್ತಿದ್ದುದು ಗೋಡೆಯ ಕಾಲೇ. ನಿಜವಾದದ್ದನ್ನು ಕಣ್ಣು ಮುಚ್ಚಿ ಕರೆದರೂ ಬರುತ್ತಿರಲಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ಉದ್ದ ಬೆಂಚು, ನೆಲ ಒರೆಸಿದ ಫಿನೈಲಿನ ವಾಸನೆ, ಎದುರಿನ ಗೋಡೆಯಲ್ಲಿ ನಿಂತುಹೋದ ಗಡಿಯಾರ. ಸೊಸೆ ಕೈಚೀಲದಿಂದ ಒಂದು ನೋಟುಬುಕ್ಕು ತೆಗೆದಳು. ಅಂಗಡಿಯಲ್ಲಿ ಅಳತೆ ಬರೆದುಕೊಳ್ಳುವ ಬುಕ್ಕು. ಎದೆ, ಸೊಂಟ, ತೋಳು ಎಂದು ಗೆರೆ ಎಳೆದ ಪುಟಗಳ ಕೊನೆಯಲ್ಲಿ ಅವಳ ಕಡೆಯ ನೆಂಟರ ಪಟ್ಟಿಯಿತ್ತು. "ಡಾಕ್ಟ್ರು ಕೇಳ್ತಾರೆ ಅಂತ ಎಲ್ಲರ್ನೂ ವಿಚಾರಿಸ್ದೆ ಮಾವ. ಅಮ್ಮ, ದೊಡ್ಡಮ್ಮ, ಅಪ್ಪನ ಕಡೇಲಿ ಮೂರು ಜನ ಅತ್ತೇರು. ದೊಡ್ಡತ್ತೆ ನಮ್ಮ ಮನೆ ಜೊತೆ ಮಾತು ಬಿಟ್ಟು ಎಂಟು ವರ್ಷ ಆಗಿತ್ತು. ಅವರಿಗೂ ಫೋನ್ ಮಾಡ್ದೆ." "ಏನಂದ್ರು?" "ಏನಂತಾರೆ? ನಿಮ್ಮ ಮನೇಲಿ ಯಾರ ಕಾಲಾದ್ರೂ ಊದಿತ್ತಾ ಅಂತ ಕೇಳಿದ್ರೆ ಯಾರು ಸುಮ್ನಿರ್ತಾರೆ. ನಮ್ಮಲ್ಲಿ ಇಲ್ಲಮ್ಮ, ನಿಮ್ಮಮ್ಮನ ಕಡೆ ನೋಡ್ಕೋ ಅಂದ್ರು. ಮಾರನೇ ದಿನ ಊರಿಗೆಲ್ಲ ಸುದ್ದಿ." ಅವಳು ಬುಕ್ಕು ಮುಚ್ಚಿದಳು. "ಬಸುರಿ ಇದ್ದಾಗ ನಾನು ದಿನವಿಡೀ ನಿಂತು ಕತ್ತರಿಸ್ತಿದ್ನಲ್ಲ, ಅದಕ್ಕೇನಾದ್ರೂ ಆಯ್ತೇನೋ ಅನ್ಸುತ್ತೆ ಒಂದೊಂದ್ಸಲ. ಅತ್ತೆ ಬೇಡ ಅಂದಿದ್ರು." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಇಲ್ಲಿ ಬರೆಯ ಕಬ್ಬಿಣ ಕಾಯಿಸಿ ಕೊಟ್ಟವರೇ ಪಕ್ಕದಲ್ಲಿ ಕೂತು ಮಗುವಿನ ಶಾಲು ಸರಿಪಡಿಸುತ್ತಿದ್ದರು. ಈಗ ಹೇಳಬೇಕು, ಈಗಲೇ, ಒಳಗೆ ಹೋಗುವ ಮೊದಲು, ಇಬ್ಬರೇ ಇರುವಾಗ ಹೇಳಿದರೆ ಮರ್ಯಾದೆ. ಬಾಯಿ ತೆರೆದರು. "ನೀರು ಕುಡೀತೀಯಾ?" ಎಂದು ಕೇಳಿದರು. ಅವಳು ಬೇಡವೆಂದಳು.

ಡಾಕ್ಟರಮ್ಮ ಮಗಳ ವಯಸ್ಸಿನವಳು, ಕೈ ಬೆಚ್ಚಗೆ ಮಾಡಿಕೊಂಡು ಮಗುವನ್ನು ಮುಟ್ಟುವವಳು. ಚೀಲ ಬಿಚ್ಚಿ, ಪಾದ ಒತ್ತಿ, ಎರಡನೆಯ ಬೆರಳಿನ ಬುಡದಲ್ಲಿ ಚರ್ಮವನ್ನು ಚಿವುಟಿ ಎತ್ತಲು ನೋಡಿದಳು, ಬರಲಿಲ್ಲ. ಮಗು ಅವಳ ಕೈಗೆ ಒದೆಯಿತು. "ಜೋರಿದೀಯಲ್ಲೇ" ಎಂದು ನಕ್ಕು, ಸೊಸೆಯ ಕಡೆ ತಿರುಗಿದಳು. "ನೋಡಿ ಅಮ್ಮ, ಮೈಯಲ್ಲಿ ರಕ್ತ ಓಡಾಡೋ ಹಾಗೆ ದುಗ್ಧರಸ ಅಂತ ಒಂದು ತಿಳಿನೀರೂ ಓಡಾಡುತ್ತೆ. ಅದಕ್ಕೇ ಬೇರೆ ಸಣ್ಣ ಸಣ್ಣ ನಾಳ ಇವೆ. ಇವಳ ಕಾಲಲ್ಲಿ ಅವು ಹುಟ್ಟಿನಿಂದ್ಲೇ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ಸುತ್ತೆ, ನೀರು ಅಲ್ಲೇ ನಿಲ್ಲುತ್ತೆ. ಅಪರೂಪದ್ದು. ಜೀವಕ್ಕೆ ಏನಿಲ್ಲ. ಆದ್ರೆ ಇದು ಸಾಮಾನ್ಯವಾಗಿ ಮನೆತನದಲ್ಲಿ ಇಳಿದು ಬರುತ್ತೆ. ಯಾರಿಗಿತ್ತು ಅಂತ ಗೊತ್ತಾದ್ರೆ ಮಗೂಗೆ ಇನ್ನಷ್ಟು ಸೂಜಿ ಚುಚ್ಚೋದು ತಪ್ಪುತ್ತೆ." ಬಿಳಿ ಹಾಳೆಯ ಮೇಲೆ ಅವಳು ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಎಂದು ಬರೆಯತೊಡಗಿದಳು. ಕಾಯಿಲೆ ಇದ್ದವರದು ಕಪ್ಪು ತುಂಬುವುದು, ಇಲ್ಲದವರದು ಖಾಲಿ. ಕೆಳಗೆ ಒಂದೇ ಒಂದು ಕಪ್ಪು ಸೊನ್ನೆ, ಮೊಮ್ಮಗಳದು. ಸೊಸೆ ಬುಕ್ಕು ನೋಡಿ ಒಬ್ಬೊಬ್ಬರನ್ನೇ ಹೇಳಿದಳು, ಇಲ್ಲ, ಇಲ್ಲ, ಇವರಿಗೂ ಇಲ್ಲ. ತಪ್ಪಿತಸ್ಥ ವಿದ್ಯಾರ್ಥಿಯ ದನಿಯಲ್ಲಿ ಹೇಳಿದಳು.

"ಗಂಡನ ಕಡೆ?" ಸೊಸೆ ಮಾವನ ಮುಖ ನೋಡಲಿಲ್ಲ. "ಇಲ್ಲ ಅಂತಾರೆ ಅತ್ತೆ. ಇದನ್ನ ತೋರಿಸು ಅಂತ ಕೊಟ್ಟಿದಾರೆ" ಎಂದು ಫೋನು ಚಾಚಿದಳು. ಡಾಕ್ಟರಮ್ಮ ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದಳು. ಅಮ್ಮನ ಪಾದಗಳು ಅಂಗೈ ತುಂಬ ಬಂದವು, ಪಕ್ಕದಲ್ಲಿ ಜಮಖಾನೆಯ ಮೇಲೆ ಮಾಸ್ತರು ಬರೆದ ಹೂವು. ಮಾಸ್ತರು ಮೇಜಿನ ಆಚೆಯಿಂದ ಕತ್ತು ಉದ್ದ ಮಾಡಿ ನೋಡಿದರು. ಹಿಡಿ, ಕಂಡುಹಿಡಿ, ನೀನು ಓದಿದವಳು, ಆ ಹೂವಿಗೆ ಉಳಿದ ಹೂವುಗಳ ಹಾಗೆ ಐದು ಎಸಳಿಲ್ಲ, ನಾಲ್ಕಿದೆ, ಎಣಿಸು. ನಲವತ್ತು ವರ್ಷ ಯಾರ ಕಣ್ಣಿಗೂ ಬೀಳದ ಕೆಲಸ. ಬೀಳದಿದ್ದುದೇ ಅವರ ಹೆಮ್ಮೆ, ಇವತ್ತು ಬಿದ್ದುಬಿಡಲಿ ಎಂದು ಬೇಡುತ್ತಿದ್ದರು. ಬಿದ್ದರೆ ತಾವು ಹೇಳುವುದು ತಪ್ಪುತ್ತದೆ. ಡಾಕ್ಟರಮ್ಮ, "ಚೆನ್ನಾಗಿವೆ ಕಾಲು" ಎಂದು ಫೋನು ವಾಪಸು ಕೊಟ್ಟು, ಹಾಳೆಯ ಮೇಲ್ತುದಿಯಲ್ಲಿ ಒಂದು ಖಾಲಿ ಸೊನ್ನೆ ಬರೆದಳು. ಅಮ್ಮ ಅಷ್ಟೆ, ಒಂದು ಖಾಲಿ ಸೊನ್ನೆ. "ಹಾಗಾದ್ರೆ ನಿಮ್ಮ ರಕ್ತಾನೂ ಮಗೂ ರಕ್ತಾನೂ ಕಳಿಸಬೇಕಾಗುತ್ತೆ ಅಮ್ಮ" ಎಂದು ಸೊಸೆಗೆ ಹೇಳುತ್ತಿದ್ದಾಗ ಮಾಸ್ತರು, "ಅದು ನನ್ನ ಕೆಲಸ" ಎಂದರು. ದನಿ ತಮ್ಮದೇ ಅನ್ನಿಸಲಿಲ್ಲ.

"ಏನು ಕೆಲಸ?" "ಆ ಕಾಲು. ನಮ್ಮಮ್ಮನ ಕಾಲು ಹಾಗಿರಲಿಲ್ಲ. ನಾನು ಕೆರೆದು ತೆಗೆದದ್ದು. ಫೋಟೋದಲ್ಲಿ." ಅವರು ಮಗುವಿನ ಪಾದದ ಕಡೆ ಬಗ್ಗಿದರು. "ಅವಳ ಕಾಲು ಇದರ ಹಾಗೇ ಇತ್ತು. ಹೀಗೇ. ಈ ಉಗುರೂ ಹೀಗೇ." ಮಾಸ್ತರು ಬೆರಳಿಟ್ಟು ತೋರಿಸಿದರು. ಸೊಸೆ ತಿರುಗಿ ನೋಡಿದಳೋ ಇಲ್ಲವೋ ಅವರಿಗೆ ಗೊತ್ತಿಲ್ಲ, ಆ ಕಡೆ ನೋಡುವ ಧೈರ್ಯ ಸಾಲಲಿಲ್ಲ. ಡಾಕ್ಟರಮ್ಮ ಗದರಲಿಲ್ಲ, ಆಶ್ಚರ್ಯವನ್ನೂ ತೋರಿಸಲಿಲ್ಲ, ಮೇಲಿನ ಸೊನ್ನೆಯನ್ನು ಪೆನ್ನಿನಿಂದ ನಿಧಾನವಾಗಿ ಕಪ್ಪು ಮಾಡಿದಳು. ನಂತರ, "ಅವರಿಗೆ ಆಗಾಗ ಚಳಿಜ್ವರ ಬಂದು ಕಾಲು ಕೆಂಪಗಾಗ್ತಿತ್ತಾ?" ಎಂದು ಕೇಳಿದಳು.

ಬರುತ್ತಿತ್ತು. ವರ್ಷಕ್ಕೆ ಮೂರು ನಾಲ್ಕು ಸಲ. ಎಂಟು ಒಂಬತ್ತು ವರ್ಷದ ಅವರಿಗೆ ಅವೇ ಹಬ್ಬದ ದಿನಗಳು. ಶಾಲೆಯಿಂದ ಬಂದರೆ ಬಾಗಿಲಿಗೆ ಬೀಗ ಇಲ್ಲ, ಅಮ್ಮ ಮನೆಯಲ್ಲಿ, ಎರಡು ಕಂಬಳಿ ಹೊದ್ದು, ಕೆಂಪು ಮುಖದಲ್ಲಿ. ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು ಕಥೆ ಹೇಳುತ್ತಿದ್ದಳು. ಜ್ವರದಲ್ಲಿ ಕಥೆಗಳು ಎಲ್ಲಿಂದ ಎಲ್ಲಿಗೋ ಹೋಗುತ್ತಿದ್ದವು, ರಾಜನ ಕುದುರೆಗೆ ಲಾಂಡ್ರಿಯ ಮಾಲೀಕನ ಮೀಸೆ ಬರುತ್ತಿತ್ತು, ರಾಕ್ಷಸನ ಪ್ಯಾಂಟಿಗೆ ಇಸ್ತ್ರಿ ಹಾಕುವವರಿಲ್ಲದೆ ಅವನು ಯುದ್ಧಕ್ಕೇ ಹೋಗುತ್ತಿರಲಿಲ್ಲ. ಅವರು ಅವಳ ಬಿಸಿ ಬೆನ್ನಿಗೆ ಅಂಟಿಕೊಂಡು ನಗುತ್ತಿದ್ದರು. ನಾಲ್ಕನೆಯ ದಿನ ಜ್ವರ ಇಳಿದು ಅವಳು ಚಪ್ಪಲಿಗೆ ದಾರ ಕಟ್ಟಿಕೊಳ್ಳುವಾಗ ಅಳು ಬರುತ್ತಿತ್ತು. ಇನ್ನೊಂದು ಸಲ ಬೇಗ ಬರಲಿ ಎಂದು ದೇವರನ್ನು ಬೇಡಿಕೊಂಡಿದ್ದರು. ಇಡೀ ಬಾಲ್ಯದಲ್ಲಿ ಅಷ್ಟು ಸುಖ ಬೇರೆ ಸಿಕ್ಕಿರಲಿಲ್ಲ. "ಬರ್ತಿತ್ತು" ಎಂದರು ಅವರು. ಡಾಕ್ಟರಮ್ಮ ಸೊಸೆಗೆ, "ಇದೇ ನೀವು ಎಚ್ಚರ ವಹಿಸಬೇಕಾದ್ದು. ಸಣ್ಣ ಗಾಯ ಆದ್ರೂ ಬಿಡಬಾರ್ದು. ಕಾಲು ಕೆಂಪಗಾಗಿ ಜ್ವರ ಬಂದ ತಕ್ಷಣ ಕರ್ಕೊಂಡು ಬನ್ನಿ, ಕಾಯಬೇಡಿ. ಆಗೆಲ್ಲ ಔಷಧಿ ಕೊಡಿಸದೆ ಬಿಟ್ರೆ ಪಾಪ ತುಂಬ ಅನುಭವಿಸ್ತಾರೆ" ಎಂದಳು. ಸೊಸೆ ಅದನ್ನು ಅಳತೆಯ ಬುಕ್ಕಿನಲ್ಲಿ ಬರೆದುಕೊಂಡಳು.

"ನಿಮ್ಮ ಷೂ ಬಿಚ್ಚಿ" ಎಂದಳು ಡಾಕ್ಟರಮ್ಮ, ಮಾಸ್ತರಿಗೆ. ಮಾಸ್ತರು ನಕ್ಕರು, "ನನಗೇನಿಲ್ಲಮ್ಮ, ನಾನು ಅಪ್ಪನ ಹಾಗೆ." ಇದೊಂದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ, ಎಳೆಯ ವಯಸ್ಸಿನಿಂದ ದಿನವೂ ಪರೀಕ್ಷಿಸಿ ನೋಡಿಕೊಂಡ ಕಾಲು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಜಾತಿ ಅವರದು. ಆದರೂ ಬಿಚ್ಚಿದರು, ಕಾಲುಚೀಲದ ಹೆಬ್ಬೆರಳಲ್ಲಿ ತೂತಿತ್ತು, ಸೊಸೆಯೆದುರು ಅದಕ್ಕೂ ನಾಚಿಕೆಯಾಯಿತು. ಡಾಕ್ಟರಮ್ಮ ಮಂಡಿಯೂರಿ ಕೂತು ಅವರ ಬಲಗಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಅಮ್ಮನ ನಂತರ ಯಾರೂ ಅವರ ಪಾದವನ್ನು ಹೀಗೆ ಹಿಡಿದಿರಲಿಲ್ಲ. ಎರಡನೆಯ ಬೆರಳಿನ ಬುಡದಲ್ಲಿ ಚಿವುಟಿದಳು, ಮತ್ತೊಮ್ಮೆ ಚಿವುಟಿದಳು. ಚರ್ಮ ಎದ್ದು ಬರಲಿಲ್ಲ. "ತುಂಬ ಸ್ವಲ್ಪ ಇದೆ. ಗೊತ್ತೇ ಆಗದಷ್ಟು. ಸಂಜೆ ಹೊತ್ತಿಗೆ ಷೂ ಬಿಗಿ ಅನ್ಸುತ್ತಾ?" ಅನ್ನಿಸುತ್ತಿತ್ತು. ಎಲ್ಲರಿಗೂ ಹಾಗೆಂದೇ ತಿಳಿದಿದ್ದರು. ಅವಳು ಎದ್ದು ಹೋಗಿ ಮಧ್ಯದ, ಮಾಸ್ತರ ಚೌಕವನ್ನು ಕಪ್ಪು ಮಾಡಿದಳು, ಅದರ ಕೆಳಗಿನ ಚೌಕದಲ್ಲಿ, ಮಗನದು, ಒಂದು ಪ್ರಶ್ನೆ ಚಿಹ್ನೆ ಇಟ್ಟಳು. ಸೊಸೆಯ ಕಡೆಯ ಸೊನ್ನೆ, ಚೌಕಗಳೆಲ್ಲ ಖಾಲಿಯಾಗಿಯೇ ಉಳಿದವು. ಅರವತ್ತು ದಾಟಿದ ಮನುಷ್ಯ ಒಂದು ಬರಿಗಾಲಿನಲ್ಲಿ ಕೂತು ಕಣ್ಣೊರೆಸಿಕೊಂಡರು. ದುಃಖವೆಂದು ತಿಳಿದು ಡಾಕ್ಟರಮ್ಮ ಏನೋ ಸಮಾಧಾನ ಹೇಳಿದಳು, ಅದು ದುಃಖ ಮಾತ್ರ ಆಗಿರಲಿಲ್ಲ. ಆಮೇಲೆ ನರ್ಸೊಬ್ಬಳು ಬಂದು ಬೆರಳಿನಿಂದ ಮೇಲಕ್ಕೆ ಮೆತ್ತಗೆ ಪಟ್ಟಿ ಸುತ್ತುವುದನ್ನು ಸೊಸೆಗೆ ಕಲಿಸಿದಳು. ಸೊಸೆ ಒಂದೇ ಸಲಕ್ಕೆ ಕಲಿತಳು.

ವಾಪಸು ಬರುವಾಗ ಬಸ್ಸಿನಲ್ಲಿ ಮಗುವನ್ನು ಅವಳೇ ಇಟ್ಟುಕೊಂಡಳು. ಐದನೆಯ ನಿಲ್ದಾಣದಲ್ಲಿ, "ಎಪ್ಪತ್ತು ದಿನ ಮಾವ" ಎಂದಳು. "ಹೌದಮ್ಮ." "ನಾನು ದೊಡ್ಡತ್ತೆಗೆ ಫೋನ್ ಮಾಡ್ವಾಗ ನೀವು ಪಕ್ಕದ ಕೋಣೇಲೇ ಇದ್ರಿ." "ಇದ್ದೆ." ಅವಳು ಕಿಟಕಿಯ ಹೊರಗೆ ನೋಡಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಅತ್ತೆಗೆ ನಾನು ಹೇಳಲ್ಲ. ನೀವು ಹೇಳ್ಬೇಕು. ಇವತ್ತೇ ಹೇಳ್ಬೇಕು, ನಾನಿರುವಾಗ್ಲೇ."

ಹೇಳಿದರು. ಬಾಗಿಲ ಬಳಿ ಷೂ, ಕಾಲುಚೀಲ ಕಳಚಿ, ನೀರೂ ಕುಡಿಯದೆ, ನಿಂತುಕೊಂಡೇ ಹೇಳಿದರು. ಕೂತರೆ ಮತ್ತೆ ಏಳುವುದು ಕಷ್ಟ ಎಂದು ಗೊತ್ತಿತ್ತು. ಹೆಂಡತಿ ಮೊದಲು ನಂಬಲಿಲ್ಲ, ಸೊಸೆಯನ್ನು ಉಳಿಸಲು ಮಾವ ಹೂಡಿದ ಆಟ ಎಂದುಕೊಂಡಳು. "ಇವಳನ್ನ ವಹಿಸ್ಕೊಳ್ಳೋಕೆ ಸತ್ತ ತಾಯಿ ಮೇಲೆ ಇಲ್ಲದ್ದು ಹೇಳ್ಬೇಡಿ" ಎಂದಳು. ಮಾಸ್ತರು ಚೌಕಟ್ಟನ್ನು ಗೋಡೆಯಿಂದ ಇಳಿಸಿ, ನಾಲ್ಕು ಎಸಳಿನ ಹೂವು ತೋರಿಸಿ, ತಮ್ಮ ಬರಿಗಾಲನ್ನೂ ತೋರಿಸಿ, ಇಲ್ಲಿ ಚಿವುಟಿ ನೋಡು ಎಂದರು. ಹೆಂಡತಿ ಚಿವುಟಲಿಲ್ಲ. "ಇಷ್ಟು ವರ್ಷ ನನ್ನ ಹತ್ರ ಹೇಳೋಕೆ ಏನಾಗಿತ್ತು ನಿಮಗೆ? ನಾನೇನು ಬಿಟ್ಟು ಹೋಗ್ತಿದ್ನಾ?" ಎಂದಳು. ಅವಳು ಸೊಸೆಯ ಕೈಯಿಂದ ಮಗುವನ್ನು ತೆಗೆದುಕೊಂಡು, ಪಟ್ಟಿ ಸುತ್ತಿದ ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದು, ಸೊಸೆಗೆ ಬೆನ್ನು ಹಾಕಿ ನಿಂತಳು. ಕ್ಷಮಿಸು ಎನ್ನುವುದು ಆ ಬಾಯಿಗೆ ಅಭ್ಯಾಸವಿರಲಿಲ್ಲ. "ಊಟ ಮಾಡು, ಹೊತ್ತಾಯ್ತು. ಮಗು ನನ್ನ ಹತ್ರ ಇರ್ಲಿ" ಎಂದಳು.

ಸೊಸೆ ಊಟಕ್ಕೆ ಹೋಗಲಿಲ್ಲ. ಮಾಸ್ತರ ಎದುರಿನ ಮಣೆಯ ಮೇಲೆ ಕೂತು ಅಳತೆಯ ಬುಕ್ಕು ತೆರೆದು ಮಡಿಲಲ್ಲಿಟ್ಟುಕೊಂಡಳು. ಬಸ್ಸಿನಲ್ಲಿದ್ದ ಸಿಟ್ಟು ಮುಖದಲ್ಲಿ ಇರಲಿಲ್ಲ. ಎಲ್ಲಿಂದಲೋ ಒಂದು ಅಳತೆ ಸಿಗಬೇಕಾಗಿದೆ, ಅದು ಸಿಗದೆ ಬಟ್ಟೆಗೆ ಕತ್ತರಿ ಇಡಲಾಗದು ಎಂಬಂಥ ಮುಖ. "ಮಾವ, ಡಾಕ್ಟ್ರಿಗೆ ಕಾಯಿಲೆ ಗೊತ್ತು. ಅದ್ರ ಜೊತೆ ಬದುಕಿದೋರನ್ನ ನೋಡಿರೋದು ನೀವೊಬ್ರೇ. ನನ್ನ ಮಗಳು ನಾಳೆ ನಡೀತಾಳೆ, ಶಾಲೆಗೆ ಹೋಗ್ತಾಳೆ, ನಿಂತು ಕೆಲಸ ಮಾಡ್ತಾಳೆ. ಅದಕ್ಕೆ ಕೇಳ್ತಿದೀನಿ, ಹೇಳಿ. ಅಜ್ಜಿಗೆ ಕಾಲು ನೋಯ್ತಿತ್ತಾ?"

ಮಾಸ್ತರು ಹೇಳಲು ಬಾಯಿ ತೆರೆದರು. ಉಬ್ಬು ಎಲ್ಲಿ ಶುರುವಾಗುತ್ತಿತ್ತು, ಎಲ್ಲಿ ಮುಗಿಯುತ್ತಿತ್ತು, ಯಾವ ಗೆರೆಯ ಮೇಲೆ ಬೆಳಕು ಎಷ್ಟು ಬೀಳುತ್ತಿತ್ತು, ಎಲ್ಲ ಹೇಳಬಲ್ಲವರಾಗಿದ್ದರು. ಎರಡು ದಿನ ಅದನ್ನೇ ನೋಡುತ್ತ ಕೂತಿದ್ದರು. ಸೊಸೆ ಪೆನ್ನು ಹಿಡಿದು ಕಾಯುತ್ತಿದ್ದಳು, ಮಗುವನ್ನು ಎತ್ತಿಕೊಂಡ ಹೆಂಡತಿಯೂ ಈಗ ಇತ್ತ ತಿರುಗಿ ನಿಂತಿದ್ದಳು.

"ಗೊತ್ತಿಲ್ಲಮ್ಮ" ಎಂದರು. "ನಾನು ಕೇಳಲೇ ಇಲ್ಲ."